ಪರದೆಯಮ್ಮನ ಕಾರಿಗೆ ವಿಮೆ

ಪರದೆಯಮ್ಮ ಯಾರ ಮನೆಗೆ ಹೋದರೂ ಮೊದಲು ನೋಡುವುದು ಕಿಟಕಿಯನ್ನು, ಆಮೇಲೆ ಮನೆಯವರ ಮುಖವನ್ನು. "ಬನ್ನಿ, ಕೂತ್ಕೊಳ್ಳಿ" ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಕೊರಳಲ್ಲಿ ಜೋತುಬಿದ್ದ ಟೇಪು ಕೈಗೆ ಬಂದಿರುತ್ತದೆ. ಅಗಲ, ಎತ್ತರ, ಸರಳಿನ ಉದ್ದ ಎಲ್ಲವನ್ನೂ ಬಾಯಲ್ಲೇ ಗುಣುಗುಣಿಸಿಕೊಂಡು ಕೊನೆಗೆ ಎಡಗೈಯ ಮೂರು ಬೆರಳು ಜೋಡಿಸಿ ಅಳತೆಯ ತುದಿಗೆ ಇಡುತ್ತಾಳೆ. ಅಷ್ಟು ಬಟ್ಟೆ ಯಾವತ್ತೂ ಹೆಚ್ಚಿಗೆ. ನೀರಿಗೆ ಬಿದ್ದ ಬಟ್ಟೆ ಕುಗ್ಗುತ್ತದೆ, ಯಾರೋ ಸರಳನ್ನು ಮೇಲಕ್ಕೇರಿಸುತ್ತಾರೆ, ಮಗ ಸೊಸೆ ಬೇರೆ ಮನೆ ಮಾಡಿ ಅದೇ ಪರದೆಯನ್ನು ಇನ್ನೂ ದೊಡ್ಡ ಕಿಟಕಿಗೆ ಹಾಕುತ್ತಾರೆ. "ಹೆಚ್ಚಿದ್ರೆ ಮಡಿಸಿ ಹೊಲೀಬಹುದು. ಕಡಿಮೆ ಬಿತ್ತು ಅಂದ್ರೆ ನಿಮ್ಮ ದುಪಟ್ಟಿ ಕತ್ತರಿಸಿ ಕೊಡ್ತೀರಾ?" ಎಂದು ಅವಳು ಕೇಳಿದರೆ ಎದುರಾಡುವವರಿಲ್ಲ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗೋಡೆಗುಂಟ ಬಟ್ಟೆಯ ಸುರುಳಿಗಳು, ನಡುವೆ ಬಾಗಿಲು ಮಲಗಿಸಿದಷ್ಟು ದೊಡ್ಡ ಮೇಜು, ಮೂಲೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕ ಚಿಂದಿಯ ಬುಟ್ಟಿ. ಆ ಬುಟ್ಟಿಯೊಳಗೆ ದಿನದ ಮುಕ್ಕಾಲು ಹೊತ್ತು ಮೊಮ್ಮಗಳು ಪುಟ್ಟಿ ಕೂತಿರುತ್ತಾಳೆ, ಗೂಡಿನಲ್ಲಿ ಹಕ್ಕಿಮರಿ ಕೂತ ಹಾಗೆ. ಮಹಡಿಯ ಮೇಲೆ ಮಗಳ ಸಂಸಾರ. ಮಗಳು ಓದಿದವಳು, ಒಳ್ಳೆಯವಳು, ಆದರೆ ಮಗು ಹುಟ್ಟಿದಂದಿನಿಂದ ಅವಳ ಪ್ರತಿ ಮಾತೂ "ಅಕಸ್ಮಾತ್" ಎಂದೇ ಶುರು. ಅಕಸ್ಮಾತ್ ಗುಂಡಿ ನುಂಗಿಬಿಟ್ಟರೆ? ಅಕಸ್ಮಾತ್ ಚಿಂದಿಯಲ್ಲಿ ಸೂಜಿ ಉಳಿದಿದ್ದರೆ? ಅಕಸ್ಮಾತ್ ಬುಟ್ಟಿಯೇ ಮಗುಚಿಕೊಂಡರೆ?

"ನಿನ್ನ ಬಾಯಲ್ಲಿ ಒಳ್ಳೇದು ಮಾತ್ರ ಯಾವತ್ತೂ ಅಕಸ್ಮಾತ್ ಆಗೋದೇ ಇಲ್ವಲ್ಲೇ" ಎಂದು ಪರದೆಯಮ್ಮ ನಗುತ್ತಾಳೆ. ಮಗಳಿಗೆ ನಗು ಬರುವುದಿಲ್ಲ. ಅವಳು ಬಗ್ಗಿ ಬುಟ್ಟಿಯನ್ನು ಇನ್ನೊಮ್ಮೆ ತಡಕುತ್ತಾಳೆ.

ಇಷ್ಟೆಲ್ಲ ಇದ್ದೂ ಪರದೆಯಮ್ಮನಿಗೆ ಒಂದು ಕೊರಗಿತ್ತು. ಹೊಲಿದ ಪರದೆಯನ್ನು ತಲುಪಿಸಲು ಅವಳು ತಮ್ಮನ ವ್ಯಾನಿಗೆ ಕಾಯಬೇಕಿತ್ತು. ತಮ್ಮ ಸೋಫಾ ಮಾಡುವವನು. ಕೈಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಅದಕ್ಕಿಂತ ಗಟ್ಟಿಗ. ಬೀದಿಯ ತಿರುವಿನಿಂದಲೇ ಹಾರನ್ ಒತ್ತಿಕೊಂಡು ಬರುತ್ತಿದ್ದ, ಅವಳು ಗಂಟು ಹೊತ್ತು ಓಡಿ ಬಂದರೆ "ಏನಕ್ಕ, ಮದುವಣಗಿತ್ತಿ ಹಾಗೆ ತಯಾರಾಗ್ತಿದ್ಯಾ?" ಎನ್ನುತ್ತಿದ್ದ. ಮುಂದಿನ ಸೀಟಿನಲ್ಲಿ ಅವನ ಸ್ಪಂಜಿನ ಹಾಳೆಗಳು. ಹಾಗಾಗಿ ಅವಳಿಗೆ ಹಿಂದೆ, ತಲೆಕೆಳಗಾದ ಸೋಫಾಗಳ ಕಾಲಿನ ನಡುವೆ ಜಾಗ. ಕಳೆದ ಬೇಸಿಗೆಯಲ್ಲಿ ಒಂದು ಹೋಟೆಲಿನ ತಿಳಿಹಳದಿ ಪರದೆಗಳನ್ನು ಹೀಗೇ ಒಯ್ದಾಗ, ಹೊತ್ತು ಮೀರಿ ತಲುಪಿದ್ದಲ್ಲದೆ ಒಂದರ ಮೇಲೆ ವ್ಯಾನಿನ ಗ್ರೀಸು ಅಂಗೈಯಗಲ ಅಂಟಿತ್ತು. ಹೋಟೆಲಿನ ಯಜಮಾನ ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ, ತಟ್ಟೆ ತೊಳೆಯುವವರೆಲ್ಲ ಕೇಳುವ ಹಾಗೆ ಮಾತಾಡಿದ. "ತೊಳೆದ್ರೆ ಹೋಗುತ್ತೆ ಬಿಡಕ್ಕ" ಎಂದ ತಮ್ಮ. ಮಾರನೆಯ ದಿನ ಪರದೆಯಮ್ಮ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತಿದಳು.

ಐವತ್ತು ದಾಟಿದ ಮೇಲೆ ಕಾರು ಕಲಿಯುವುದೆಂದರೆ ಹುಡುಗಾಟವಲ್ಲ. ಜನ್ಮವಿಡೀ ಹೊಲಿಗೆ ಯಂತ್ರದ ಪೆಡಲ್ ಒತ್ತಿದ ಕಾಲು ಅದು. ಆಕ್ಸಿಲರೇಟರಿನ ಮೇಲಿಟ್ಟರೆ ಉದ್ದನೆಯ ಅಂಚು ಹೊಲಿಯುವ ಹುರುಪಿನಲ್ಲಿ ಒಂದೇ ಸಲಕ್ಕೆ ಅದುಮಿಬಿಡುತ್ತಿತ್ತು. ಕಲಿಸುವವನು ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಸೀಟು ಹಿಡಿದು "ಅಮ್ಮಾ, ಗುಂಡಿ ಹೊಲೀರಿ, ಗುಂಡಿ! ನಿಧಾನ!" ಎಂದು ಕೂಗುತ್ತಿದ್ದ. ಪರೀಕ್ಷೆಯಲ್ಲಿ ಒಮ್ಮೆ ಫೇಲಾದಳು. ಇನ್ನೊಮ್ಮೆ ಹೋಗಿ ಪಾಸಾಗಿ ಬಂದಳು. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ ಅದರ ಉದ್ದಗಲವನ್ನೂ ಅಳೆದಳು.

ಕಾರು ಸಿಕ್ಕಿದ್ದು ಪಕ್ಕದ ಬೀದಿಯ ಸಂಗೀತದ ಮೇಷ್ಟ್ರಿಂದ. ಕಣ್ಣು ಮಂಜಾದ ಮೇಲೆ ಮೇಷ್ಟ್ರು ಓಡಿಸುವುದನ್ನು ಬಿಟ್ಟಿದ್ದರು. ಕಡು ಹಸಿರು ಬಣ್ಣದ, ವಯಸ್ಸಾದ, ಆದರೆ ಕೆಮ್ಮದ ಕಾರು. ಪರದೆಯಮ್ಮ ಮೊದಲು ಹಿಂದಿನ ಸೀಟಿನ ಅಳತೆ ತೆಗೆದುಕೊಂಡಳು, ಆಮೇಲೆ ಎಂಜಿನ್ ಸದ್ದು ಕೇಳಿದಳು. ಕೊಂಡ ಕಾರನ್ನು ತಂದು ಅಂಗಡಿಯ ಎದುರಿಗೆ ನಿಲ್ಲಿಸುವ ಕೆಲಸ ಮೇಷ್ಟ್ರ ಮಗನದ್ದೇ ಆಯಿತು.

ಅದೇ ವಾರ ರಂಗಮಂದಿರದ ಮ್ಯಾನೇಜರ್ ಬಂದ. ಮಂದಿರಕ್ಕೆ ಹೊಸದಾಗಿ ಸುಣ್ಣಬಣ್ಣ ಮಾಡಿಸಿದ್ದರು, ಶನಿವಾರ ಸಂಜೆ ಮೊದಲ ಆಟ. ಅಂಕದ ಪರದೆ ಬೇಕಿತ್ತು, ದ್ರಾಕ್ಷಿ ಬಣ್ಣದ ಮಖಮಲ್ಲಿನದು, ಎರಡು ಪಾಲಾಗಿ ಸರಿಯುವಂಥದ್ದು. ಇಷ್ಟು ದೊಡ್ಡ ಕೆಲಸ ಪರದೆಯಮ್ಮನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಮ್ಯಾನೇಜರ್ ಬಟ್ಟೆಯನ್ನೆಲ್ಲ ಮುಟ್ಟಿ ನೋಡಿ, ಹೊರಡುವಾಗ ಬಾಗಿಲಲ್ಲಿ ತಡೆದು ನಿಂತ.

"ಹೊಲಿಗೆ ಬಗ್ಗೆ ನನಗೆ ಅನುಮಾನ ಇಲ್ಲಮ್ಮ. ಆದ್ರೆ ಹೊತ್ತಿಗೆ ಸರಿಯಾಗಿ ಬರುತ್ತಾ? ಹೋಟೆಲಿನವರು ಏನೋ ಹೇಳ್ತಿದ್ರು. ಪರದೆ ಇಲ್ದೆ ಆಟ ಶುರು ಮಾಡಕ್ಕಾಗಲ್ಲ ನೋಡಿ. ಅನುಮಾನ ಇದ್ರೆ ಈಗ್ಲೇ ಹೇಳಿಬಿಡಿ, ರೆಡಿಮೇಡ್ ಕಂಪನಿಗೆ ಕೊಟ್ಬಿಡ್ತೀನಿ."

ಪರದೆಯಮ್ಮನ ಕಿವಿ ಬಿಸಿಯಾಯಿತು. "ಶನಿವಾರ ಮಧ್ಯಾಹ್ನ ನಾನೇ ತರ್ತೀನಿ. ನನ್ನ ಕಾರಲ್ಲಿ" ಎಂದಳು.

ಮೂಲೆಯಲ್ಲಿ ಚಹಾ ಹೀರುತ್ತಿದ್ದ ತಮ್ಮನಿಗೆ ಅದು ಗಂಟಲಲ್ಲೇ ಸಿಕ್ಕಿಕೊಂಡಿತು. ಮ್ಯಾನೇಜರ್ ಹೋದ ಮೇಲೆ ಮನಸಾರೆ ನಕ್ಕ. "ಅಕ್ಕ, ಅವತ್ತು ನಾನೂ ಅಲ್ಲೇ ಇರ್ತೀನಿ, ಮುಂದಿನ ಸಾಲಿಗೆ ಸೋಫಾ ಹಾಕ್ಬೇಕು. ನೀನು ಆ ಹಸಿರು ಆಮೆ ಓಡಿಸ್ಕೊಂಡು ಒಬ್ಬಳೇ ಬಂದ್ಬಿಟ್ರೆ, ನಿನ್ನ ಪರದೆನ ನಾನು ಹೆಗಲ ಮೇಲೆ ಹೊತ್ಕೊಂಡು ರಂಗದ ತನಕ ತರ್ತೀನಿ. ಎಲ್ಲರ ಎದುರಿಗೆ!"

"ಮಖಮಲ್ಲು ಭಾರ ಇರುತ್ತೆ ಕಣೋ. ಈಗಿಂದ್ಲೇ ಎಣ್ಣೆ ತಿಕ್ಕಿಸ್ಕೋ ಹೆಗಲಿಗೆ."

ಮಾತು ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮಹಡಿಯಿಂದ ಇಳಿದು ಬಂದ ಮಗಳು ಕೇಳಿದಳು, "ಅಮ್ಮ, ಇನ್ಶೂರೆನ್ಸ್ ಮಾಡಿಸಿದ್ಯಾ?"

"ಮೇಷ್ಟ್ರು ಮಾಡಿಸಿದ್ದಾರಲ್ಲ. ಕಾಗದ ಕಾರಲ್ಲೇ ಇದೆ."

"ಅದು ಮೇಷ್ಟ್ರ ಹೆಸರಲ್ಲಿದೆ ಅಮ್ಮ. ಕಾರು ಈಗ ನಿಂದು."

"ಇದೇನು ವಿಚಿತ್ರಾನೇ! ಕಾರಿನ ಜೊತೆ ಚಕ್ರ ಬಂತು, ಸೀಟು ಬಂತು, ಸೀಟಿನ ಕೆಳಗೆ ಮೇಷ್ಟ್ರ ಕನ್ನಡಕಾನೂ ಬಂತು. ಇದೊಂದು ಬರಲ್ವಾ?"

"ಬರಲ್ಲ. ಅದು ತಾನಾಗಿ ನಮಗೆ ವರ್ಗ ಆಗಲ್ಲ, ನಾವು ಕೇಳ್ಬೇಕು. ಅಕಸ್ಮಾತ್ ನೀನು ಹೋಗಿ ಯಾರಿಗಾದ್ರೂ ಗುದ್ದಿದ್ರೆ? ಅಕಸ್ಮಾತ್ ಯಾರದ್ದಾದ್ರೂ ಕಾಂಪೌಂಡು ಬಿದ್ದೋದ್ರೆ? ಅಕಸ್ಮಾತ್—"

"ಸಾಕು ಸಾಕು, ಫೋನ್ ಕೊಡಿಲ್ಲಿ."

ವಿಮೆ ಕಚೇರಿಯಲ್ಲಿ ಫೋನ್ ಎತ್ತಿಕೊಂಡವಳು ಹರೆಯದ ಹೆಂಗಸು, ಗಡಿಬಿಡಿಯಿಲ್ಲದ ದನಿ. ಪರದೆಯಮ್ಮ ಫೋನನ್ನು ಮೇಜಿನ ಮೇಲಿಟ್ಟು, ಸದ್ದು ದೊಡ್ಡದು ಮಾಡಿ, ಕತ್ತರಿ ಕೈಗೆತ್ತಿಕೊಂಡಳು. ಶನಿವಾರ ದೂರವಿರಲಿಲ್ಲ, ಮಖಮಲ್ಲು ಕತ್ತರಿಸುವುದನ್ನು ಈಗಲೇ ಶುರುಮಾಡಬೇಕಿತ್ತು.

"ಅಮ್ಮಾ, ಕಾನೂನು ಕೇಳೋದು ಒಂದನ್ನೇ. ನಿಮ್ಮ ಕಾರಿಂದ ಬೇರೆಯವರಿಗೆ ಪೆಟ್ಟಾದ್ರೆ, ಬೇರೆಯವರ ವಸ್ತು ಹಾಳಾದ್ರೆ, ಅದನ್ನ ತುಂಬಿಕೊಡೋ ವಿಮೆ. ಥರ್ಡ್ ಪಾರ್ಟಿ ಅಂತೀವಿ. ಅದಿಲ್ದೆ ಚಕ್ರ ರಸ್ತೆ ಮುಟ್ಟೋ ಹಾಗಿಲ್ಲ."

"ನನ್ನ ಕಾರಿಗೇ ಪೆಟ್ಟಾದ್ರೆ?"

"ಅದಕ್ಕೆ ಬೇರೆ ವಿಮೆ. ಮಾಡಿಸೋದು ಬಿಡೋದು ನಿಮ್ಮಿಷ್ಟ."

"ಇದೊಳ್ಳೆ ಕಥೆ ಆಯ್ತಲ್ಲಮ್ಮ! ದುಡ್ಡು ನಂದು, ಉಪಕಾರ ಊರವರಿಗೆ?"

"ಊರವರೂ ಮಾಡಿಸಿರ್ತಾರಲ್ಲ ಅಮ್ಮ. ಅವರ ಉಪಕಾರ ನಿಮಗೆ."

ಕತ್ತರಿ ಒಂದು ಗಳಿಗೆ ನಿಂತಿತು. ಪರದೆಯ ಬೆನ್ನಿಗೆ ಅಸ್ತರಿ ಹಾಕುವುದೂ ಹೀಗೇ ಅಲ್ಲವೇ? ಚಂದದ ಮುಖ ಮನೆಯೊಳಕ್ಕೆ, ಅಸ್ತರಿ ಬೀದಿಯ ಕಡೆಗೆ. ದುಡ್ಡು ಕೊಟ್ಟವರು ಅದನ್ನು ಒಮ್ಮೆಯೂ ನೋಡುವುದಿಲ್ಲ, ನೋಡುವವರು ದಾರಿಹೋಕರು. ಹಾಗೆಂದು ಅಸ್ತರಿ ಬೇಡ ಎಂದವರನ್ನು ಅವಳು ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ. "ಸರಿ ಕಣಮ್ಮ, ಅರ್ಥ ಆಯ್ತು. ನನ್ನ ಕಾರಿಗೆ ವಯಸ್ಸಾಗಿದೆ, ಅದನ್ನ ನಾನೇ ನೋಡ್ಕೊತೀನಿ. ಊರಿಂದು ನೀನು ನೋಡ್ಕೋ. ಅದೇನು ಕೇಳ್ಬೇಕೋ ಕೇಳು."

ಪ್ರಶ್ನೆಗಳು ಬಂದವು. ಕೈಯಲ್ಲಿ ಕತ್ತರಿ, ಕಣ್ಣೆದುರು ಸೀಮೆಸುಣ್ಣದ ಗೆರೆ, ಗೆರೆಯಾಚೆ ಮೂರು ಬೆರಳು. ಬಾಯಿ ಕೂಡ ಅದೇ ಲಯಕ್ಕೆ ಬಿತ್ತು. ಓಡಿಸಲು ಶುರುಮಾಡಿ ಎಷ್ಟು ಕಾಲವಾಯಿತು? ಲೈಸೆನ್ಸ್ ಬಂದು ಎರಡು ತಿಂಗಳು. ಅವಳು "ಒಂದು ವರ್ಷ ಅಂತ ಇಟ್ಕೋ" ಎಂದಳು. ಕಾರಿನ ಬೆಲೆ? ಕೊಟ್ಟದ್ದಕ್ಕಿಂತ ಒಂದಿಷ್ಟು ಹೆಚ್ಚು ಹೇಳಿದಳು. ವರ್ಷಕ್ಕೆ ಎಷ್ಟು ದೂರ ಓಡಿಸುತ್ತೀರಿ? ದೇಶ ಸುತ್ತಿ ಬರುವಷ್ಟು ಹೇಳಿದಳು. ಬೇರೆ ಯಾರಾದರೂ ಓಡಿಸುತ್ತಾರಾ?

"ನನ್ನ ತಮ್ಮನ್ನೂ ಹಾಕ್ಕೋ, ಇರ್ಲಿ. ಮಗಳನ್ನೂ ಹಾಕ್ಕೋ."

"ಮಗಳಿಗೆ ಲೈಸೆನ್ಸ್ ಇದೆಯಾ ಅಮ್ಮ?"

"ಈಗಿಲ್ಲ, ಮುಂದೆ ಬರುತ್ತೆ."

"ಬಂದಾಗ ಹೇಳಿ" ಎಂದು ಆ ಕಡೆಯ ದನಿ ನಕ್ಕಿತು. "ಕಾರು ಯಾತಕ್ಕೆ ಬಳಸ್ತೀರಿ? ಮನೆಗೋ, ಕೆಲಸಕ್ಕೋ?"

ತಮ್ಮ ಬಟ್ಟೆಯ ಸುರುಳಿಯ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದ, "ಮನೆಗೆ ಅನ್ನಕ್ಕ. ಕೆಲಸಕ್ಕೆ ಅಂದ್ರೆ ಜಾಸ್ತಿ ಹಾಕ್ತಾರೆ."

ಪರದೆಯಮ್ಮ "ಮನೆಗೆ" ಎಂದಳು. ಅಂದ ಮೇಲೆ ಮನಸ್ಸಿನೊಳಗೆ ಎಲ್ಲೋ ಒಂದು ದಾರ ಬಿಗಿದ ಹಾಗಾಯಿತು. ಆದರೆ ಮಖಮಲ್ಲಿನ ಮಡಿಕೆ ಜಾರುತ್ತಿತ್ತು. ಅವಳು ಅತ್ತ ತಿರುಗಿದಳು.

ಶುಕ್ರವಾರ ವಿಮೆಯ ಕಾಗದ ಬಂತು. ಪರದೆಯೂ ಮುಗಿದಿತ್ತು. ಎರಡು ದೊಡ್ಡ ಗಂಟಾಗಿ, ಬಿಳಿ ದುಪಟ್ಟಿಯಲ್ಲಿ ಸುತ್ತಿಸಿಕೊಂಡು, ಮೇಜಿನ ಮೇಲೆ ಮಲಗಿದ್ದ ಅವಳಿ ಮಕ್ಕಳ ಹಾಗೆ ಕಾಣುತ್ತಿತ್ತು. ಪರದೆಯಮ್ಮ ಸಂಭ್ರಮದಲ್ಲಿ ಪುಟ್ಟಿಗೆ ಬಿಸ್ಕತ್ತು ತಿನ್ನಿಸುತ್ತಾ "ಓದೇ, ಕೇಳೋಣ" ಎಂದಳು. ಮಗಳು ಓದುತ್ತಾ ಹೋದಳು. ಓದುತ್ತಾ ಓದುತ್ತಾ ಅವಳ ಹುಬ್ಬು ಹಣೆಯ ಮೇಲಕ್ಕೆ ಹೋಯಿತು.

"ಅಮ್ಮ! ಒಂದು ವರ್ಷದ ಅನುಭವಾನಾ? ನಿಂಗೆ ಲೈಸೆನ್ಸ್ ಬಂದು ಎರಡು ತಿಂಗಳು!"

"ಸ್ವಲ್ಪ ಬಿಟ್ಟು ಹೇಳಿದೆ ಕಣೆ. ಮಡಿಸಕ್ಕೆ ಇರ್ಲಿ ಅಂತ."

"ಮಡಿಸಕ್ಕಾ? ಮಾವನ ಹೆಸರು ಯಾಕೆ? ಮಾವ ಈ ಕಾರಿಗೆ ಕಾಲಿಡಲ್ಲ ಅಂತಾರೆ. ಮತ್ತೆ ಇದೇನು, ಮನೆ ಬಳಕೆಗೆ ಮಾತ್ರ? ನಾಳೆ ನೀನು ಪರದೆ ಸಾಗಿಸ್ತಿರೋದು ಮನೆ ಬಳಕೆನಾ? ಅಕಸ್ಮಾತ್ ನಾಳೇನೇ ಏನಾದ್ರೂ ಆಗಿ, ಅವರು ಬಂದು ನೋಡಿ, ಇದು ಕೆಲಸ, ನೀವು ಹೇಳಿದ್ದು ಸುಳ್ಳು, ನಾವು ಕೊಡಲ್ಲ ಅಂದ್ರೆ?"

ಪರದೆಯಮ್ಮ ಈ ಸಲ ನಗಲಿಲ್ಲ. ಅವಳ ಕಣ್ಣೆದುರು ಹೋಟೆಲಿನ ಅಡುಗೆಮನೆಯ ಬಾಗಿಲು ಬಂತು. ಗ್ರೀಸಿನ ಕಲೆಗೇ ಅಷ್ಟು ಮಾತು ಕೇಳಿದ್ದಾಯಿತು. ಯಾರದೋ ಕೈಕಾಲಿಗೆ ಪೆಟ್ಟಾಗಿ, ಅವರ ಮುಂದೆ ತಾನು ಸುಳ್ಳುಗಾತಿಯಾಗಿ ನಿಂತರೆ? ಅವಳು ಕೊರಳ ಟೇಪು ತೆಗೆದು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದಳು. ಟೇಪಿಲ್ಲದೆ ಅವಳು ಹೊರಗೆ ಹೋದದ್ದನ್ನು ಮಗಳು ನೋಡಿದ್ದು ಅದೇ ಮೊದಲು.

ಮಗಳೂ ಪುಟ್ಟಿಯನ್ನು ಎತ್ತಿಕೊಂಡು ಹಿಂದೆಯೇ ಓಡಿದಳು. ಕಾರು ಅಂಗಡಿಯ ಎದುರು ನಿಂತೇ ಇತ್ತು. ಕಾಗದ ತಿದ್ದಿಸುವ ತನಕ ಅದನ್ನು ಮುಟ್ಟುವ ಹಾಗಿರಲಿಲ್ಲ. ನಡೆದೇ ಹೋದರು.

ವಿಮೆ ಕಚೇರಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಫೋನಿನ ದನಿಯ ಹೆಂಗಸು ಮೇಜಿನ ಹಿಂದೆ ಕೂತಿದ್ದಳು. ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ಗಾಜಿನವನೊಬ್ಬ ಒಡೆದ ಗಾಜು ತೆಗೆದು ಹೊಸದನ್ನು ಕೂರಿಸುತ್ತಿದ್ದ. ಪರದೆಯಮ್ಮನ ಕಣ್ಣು, ಹೇಳಬೇಕೇ, ಮೊದಲು ಕಿಟಕಿಗೇ ಹೋಯಿತು. ಗಾಜು ಒಂದು ಕೂದಲೆಳೆಯಷ್ಟು ಅಗಲವಾಗಿತ್ತು, ಚೌಕಟ್ಟಿಗೆ ಕೂರಲಿಲ್ಲ. ಅವನು ಇಳಿಸಿ, ಅಂಚು ತೀಡಿ, ಮತ್ತೆ ಎತ್ತಿದ. ಮತ್ತೂ ಕೂರಲಿಲ್ಲ.

"ಅಳತೆ ತಗೊಳ್ಳುವಾಗ ಸ್ವಲ್ಪ ಬಿಟ್ಟು ತಗೋಬೇಕಪ್ಪ" ಎಂದಳು ಪರದೆಯಮ್ಮ, ಬಾಯಿ ತಡೆಯದೆ.

"ಬಿಟ್ಟೇ ತಗೊಂಡಿದ್ದಕ್ಕಮ್ಮ ಈ ಗೋಳು. ಗಾಜಿಗೆ ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ. ಹೆಚ್ಚಾದ್ರೆ ಕೂರಲ್ಲ, ಕಮ್ಮಿ ಆದ್ರೆ ಬಿದ್ದೋಗುತ್ತೆ."

ಪರದೆಯಮ್ಮ ಬಂದ ಕೆಲಸ ಮರೆತು ಆ ಗಾಜನ್ನೇ ನೋಡುತ್ತಾ ನಿಂತಳು. ಮೂರನೆಯ ಸಲ ಗಾಜು ಚೌಕಟ್ಟಿನೊಳಕ್ಕೆ ಸದ್ದಿಲ್ಲದೆ ಜಾರಿತು. ಅವಳು ಕುರ್ಚಿ ಎಳೆದು ಕೂತು, ಮೇಜಿನ ಮೇಲೆ ಎರಡೂ ಕೈ ಊರಿದಳು.

"ನೋಡಮ್ಮ, ನಾನು ಪರದೆ ಹೊಲಿಯೋಳು. ನಿನ್ನ ಪ್ರಶ್ನೆಗೆಲ್ಲ ಪರದೆ ಅಳತೆ ಕೊಟ್ಬಿಟ್ಟಿದ್ದೀನಿ. ಈಗ ಗಾಜಿನ ಅಳತೆ ಬರ್ಕೋ."

ಹೆಂಗಸಿಗೆ ಮೊದಲು ತಲೆಬುಡ ಗೊತ್ತಾಗಲಿಲ್ಲ. ಮಗಳು ಬಿಡಿಸಿ ಹೇಳಿದ ಮೇಲೆ ಅವಳು ಪೆನ್ನು ಕೆಳಗಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎಲ್ಲರೂ ಕಡಿಮೆ ಹೇಳಿ ಸಿಕ್ಕಿಬೀಳ್ತಾರೆ. ಹೆಚ್ಚು ಹೇಳಿ ಬಂದವರು ನೀವೇ ಮೊದಲು. ಓಡಿಸೋಕೆ ಮುಂಚೆನೇ ಬಂದ್ರಲ್ಲ, ಒಳ್ಳೇದಾಯ್ತು. ಹೊಸಬರು ಅಂದ್ರೆ ಸ್ವಲ್ಪ ಜಾಸ್ತಿ ಕಟ್ಟಬೇಕಾಗುತ್ತೆ ಅಮ್ಮ. ಕೆಲಸಕ್ಕೆ ಅಂದ್ರೆ ಇನ್ನೂ ಸ್ವಲ್ಪ."

"ಕಟ್ಟೋಣ. ನಾನು ಹೊಸಬಳೇ ತಾನೇ? ಬರ್ಕೋ. ಹೊಸಬಳು. ಕಾರು ಹಳೇದು. ಓಡಿಸೋದು ನಾನೊಬ್ಬಳೇ. ಓಡಿಸೋದು ಕೆಲಸಕ್ಕೆ. ಪರದೆ ತಗೊಂಡು ಹೋಗಕ್ಕೆ." ಕೊನೆಯ ಮಾತು ಹೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ತಿದ್ದುವುದೆಲ್ಲ ಮುಗಿಯುವ ಹೊತ್ತಿಗೆ ಮಗಳು ತನ್ನ ಚೀಲದಿಂದ ಪ್ರಶ್ನೆಗಳನ್ನು ಹೊರತೆಗೆಯತೊಡಗಿದ್ದಳು. ಅಕಸ್ಮಾತ್ ನಾಯಿ ಅಡ್ಡ ಬಂದರೆ? ಅಕಸ್ಮಾತ್ ನಿಂತ ಕಾರಿಗೆ ಬೇರೆಯವರು ಬಂದು ಗುದ್ದಿದರೆ? ಅಕಸ್ಮಾತ್ ಈ ಕಾಗದವೇ ಕಳೆದುಹೋದರೆ? ಹೆಂಗಸು ಒಂದೊಂದಕ್ಕೂ ಉತ್ತರ ಕೊಟ್ಟಳು. ಕಾಗದದ ಇನ್ನೊಂದು ಪ್ರತಿ ಮನೆಯಲ್ಲಿಡಿ, ಏನೇ ಆದರೂ ಮೊದಲು ಜನರಿಗೆ ಪೆಟ್ಟಾಗಿದೆಯಾ ನೋಡಿ, ಆಮೇಲೆ ಫೋಟೋ ತೆಗೆದು ನಮಗೆ ತಕ್ಷಣ ತಿಳಿಸಿ, ಆದದ್ದು ಆದ ಹಾಗೇ ಹೇಳಿ. ಕೊನೆಗೆ ಪರದೆಯಮ್ಮನ ಕಡೆ ತಿರುಗಿ, "ಅಮ್ಮಾ, ನಿಮ್ಮ ಮಗಳನ್ನ ನಮ್ಮ ಕಚೇರಿಗೆ ಕಳಿಸಿಕೊಡಿ. ಇಲ್ಲಿ ನಾವೆಲ್ಲ ದಿನವಿಡೀ ಯೋಚನೆ ಮಾಡೋದು ಇದನ್ನೇ" ಎಂದಳು.

ಮಗಳ ಮುಖ ಕೆಂಪಾಯಿತು. ಆದರೆ ಮೆಟ್ಟಿಲಿಳಿಯುವಾಗ ಅವಳು ತುಟಿ ಬಿಗಿಹಿಡಿದು ನಗುತ್ತಿದ್ದುದನ್ನು ಪರದೆಯಮ್ಮ ನೋಡಿದಳು. "ಇಷ್ಟು ದಿನ ನಿನ್ನ ಹೆದರಿಕೆ ಸಂಬಳ ಇಲ್ಲದೆ ಹಾಳಾಗ್ತಿತ್ತಲ್ಲೇ" ಎಂದು ಮಗಳ ಕೆನ್ನೆ ಚಿವುಟಿದಳು.

ಶನಿವಾರ ಮಧ್ಯಾಹ್ನ ಬೀದಿಯವರೆಲ್ಲ ಏನೋ ಕೆಲಸದ ನೆಪದಲ್ಲಿ ಬಾಗಿಲಿಗೆ ಬಂದಿದ್ದರು. ಸಂಗೀತದ ಮೇಷ್ಟ್ರು ಕೂಡ ಕೋಲೂರಿ ಬಂದು, ಕಾಣದಿದ್ದರೂ ಕೇಳುತ್ತೇನೆಂದು ನಿಂತಿದ್ದರು. ಪರದೆಯ ಎರಡು ಗಂಟನ್ನೂ ಹಿಂದಿನ ಸೀಟಿನಲ್ಲಿ ಪಕ್ಕಪಕ್ಕ ಕೂರಿಸಿ ಬೆಲ್ಟು ಹಾಕಿದ್ದಾಯಿತು. ಮಗಳು ಕಿಟಕಿಯಲ್ಲಿ ತಲೆ ತೂರಿಸಿ, "ಅಮ್ಮ, ಬೆಲ್ಟು. ಅಮ್ಮ, ಕನ್ನಡಿ. ಅಮ್ಮ, ಎರಡನೇ ತಿರುವಲ್ಲಿ ಶಾಲೆ ಇದೆ" ಎಂದು ಹೇಳುತ್ತಲೇ ಇದ್ದಳು.

"ಪುಟ್ಟಿ, ನಿಮ್ಮಮ್ಮನ್ನ ಹಿಡ್ಕೋ. ಇಲ್ದಿದ್ರೆ ಬಾನೆಟ್ ಮೇಲೆ ಕೂತ್ಬಿಡ್ತಾಳೆ."

ಕಾರು ಹೊರಟಿತು. ಗುಂಡಿ ಹೊಲಿಯುವ ಹಾಗೆ, ನಿಧಾನ, ಒಂದೊಂದೇ. ಹಿಂದಿನವರು ಹಾರನ್ ಒತ್ತಿದರು, ಒಬ್ಬ ಸೈಕಲ್ಲಿನವನು ಪಕ್ಕದಲ್ಲೇ ದಾಟಿಹೋಗಿ ತಿರುಗಿ ನೋಡಿದ. ಪರದೆಯಮ್ಮನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಆದರೆ ಅದು ಬರೀ ಹೆದರಿಕೆಯಾಗಿರಲಿಲ್ಲ. ತಾನು ಪರದೆ ಹೊಲಿದ ಕಿಟಕಿಗಳು ಎರಡೂ ಬದಿಯಲ್ಲಿ ಹಿಂದಕ್ಕೆ ಸರಿಯುತ್ತಿದ್ದವು: ದಂತವೈದ್ಯರ ನೀಲಿ ಪಟ್ಟೆ, ಅಂಚೆ ಕಚೇರಿಯ ಬೂದು, ಆ ಹೋಟೆಲಿನ ತಿಳಿಹಳದಿ. ಇಷ್ಟು ವರ್ಷ ಸೋಫಾ ಕಾಲಿನ ಸಂದಿಯಿಂದ ನೋಡಿದ ಬೀದಿ ಈಗ ಗಾಜಿನಗಲ ತೆರೆದುಕೊಂಡಿತ್ತು. ಹೋಟೆಲಿನ ಮುಂದೆ ಕೆಂಪು ದೀಪ ಬಿದ್ದಾಗ ಅವಳು ಬೇಕೆಂದೇ ಅತ್ತ ಮುಖ ತಿರುಗಿಸಿ ಕೂತಳು.

ರಂಗಮಂದಿರದ ಹಿತ್ತಲಿನ ಅಂಗಳದಲ್ಲಿ ತಮ್ಮನ ವ್ಯಾನು ಆಗಲೇ ನಿಂತಿತ್ತು. ಸೋಫಾಗಳನ್ನೆಲ್ಲ ಇಳಿಸಿ ಮುಗಿಸಿ, ಅವನು ಮ್ಯಾನೇಜರಿನೊಂದಿಗೆ ಮೆಟ್ಟಿಲ ಮೇಲೆ ನಿಂತು ಚಹಾ ಕುಡಿಯುತ್ತಿದ್ದ. ಹಸಿರು ಕಾರು ಗೇಟಿನಲ್ಲಿ ಕಂಡದ್ದೇ ಅವನ ಬಾಯಿ ತೆರೆದುಕೊಂಡಿತು. ಆ ತೆರೆದ ಬಾಯಿಯನ್ನು ನೋಡಿದ್ದೇ ಪರದೆಯಮ್ಮನಿಗೆ ಮುಳುವಾಯಿತು. ಬಾಗಿಲ ಹತ್ತಿರಕ್ಕೆ ಕಾರಿನ ಹಿಂಭಾಗ ಬರಲೆಂದು ಅವಳು ರಿವರ್ಸ್ ಹಾಕಿದ್ದಳು. ಕಣ್ಣು ಕನ್ನಡಿಯಲ್ಲಿರಬೇಕಿತ್ತು, ಅದು ತಮ್ಮನ ಬಾಯಲ್ಲಿತ್ತು.

ಧಡ್.

ತಮ್ಮನ ಕೈಯ ಲೋಟ ಓರೆಯಾಗಿ ಚಹಾ ಚಪ್ಪಲಿಯ ಮೇಲೆ ಸುರಿಯಿತು. "ಅಯ್ಯೋ, ನನ್ನ ವ್ಯಾನು!"

ಪರದೆಯಮ್ಮ ಇಳಿದಳು. ಸುತ್ತ ನೋಡಿದಳು, ಯಾರಿಗೂ ಪೆಟ್ಟಿಲ್ಲ, ವ್ಯಾನಿನಲ್ಲಿ ಯಾರೂ ಇರಲಿಲ್ಲ. ಹಿಂದಿನ ಸೀಟು ನೋಡಿದಳು, ಗಂಟುಗಳು ಬೆಲ್ಟಿನೊಳಗೆ ಕೂತಲ್ಲೇ ಕೂತಿದ್ದವು. ಆಮೇಲೆ ವ್ಯಾನಿನ ಬಾಗಿಲು. ಬಟ್ಟಲಿನ ಹಾಗೆ ಒಳಕ್ಕೆ ಹೋಗಿತ್ತು. ಅವಳ ಕಾರಿನ ಬಂಪರೂ ಒಂದು ಕಡೆ ತುಟಿ ಸೊಟ್ಟ ಮಾಡಿಕೊಂಡಿತ್ತು. ಅವಳು ಫೋನ್ ತೆಗೆದು ಫೋಟೋ ಹೊಡೆದುಕೊಂಡು, ವಿಮೆ ಕಚೇರಿಗೆ ಕರೆ ಮಾಡಿದಳು.

ತಮ್ಮ ಓಡಿ ಬಂದ. "ಯಾರಿಗಕ್ಕ ಫೋನು? ಬೇಡ ಬಿಡು, ನಮ್ಮ ನಮ್ಮಲ್ಲೇ ಏನು! ಸುತ್ತಿಗೆಲಿ ತಟ್ಟಿದ್ರೆ ಹೋಗುತ್ತೆ."

"ತೊಳೆದ್ರೆ ಹೋಗುತ್ತೆ ಅಂದ ಹಾಗಾ? ಸುಮ್ನಿರೋ. ಈ ಗಳಿಗೇಲಿ ನೀನು ನನ್ನ ತಮ್ಮ ಅಲ್ಲ, ಥರ್ಡ್ ಪಾರ್ಟಿ."

ಫೋನಿನಲ್ಲಿ ಅದೇ ಗಡಿಬಿಡಿಯಿಲ್ಲದ ದನಿ ಕೇಳಿತು, ಯಾರಿಗಾದರೂ ಪೆಟ್ಟಾಗಿದೆಯಾ, ಯಾರು ಓಡಿಸುತ್ತಿದ್ದರು, ಕಾರಿನಲ್ಲಿ ಏನಿತ್ತು, ಯಾವ ಕೆಲಸಕ್ಕೆ ಹೊರಟಿದ್ದಿರಿ.

"ನಾನೇ ಓಡಿಸ್ತಿದ್ದೆ. ಪರದೆ ಇತ್ತು. ಕೆಲಸಕ್ಕೇ ಬಂದಿದ್ದೆ. ತಪ್ಪು ನಂದೇ, ಕನ್ನಡಿ ನೋಡಲಿಲ್ಲ."

ಆದದ್ದು ಆದ ಹಾಗೇ ಹೇಳಿದಾಗ ಎದೆಯ ಡವಡವ ಇಳಿದದ್ದು ಅವಳಿಗೇ ಅಚ್ಚರಿಯಾಯಿತು. ವ್ಯಾನಿನ ಬಾಗಿಲನ್ನು ನೋಡಿ ಸರಿಮಾಡಿಸಿಕೊಡುತ್ತೇವೆ, ನಾಳೆ ನಾಡಿದ್ದರಲ್ಲಿ ನಮ್ಮವರು ಬರುತ್ತಾರೆ ಎಂದು ಆ ಕಡೆಯಿಂದ ಉತ್ತರ ಬಂತು. ನಿಮ್ಮ ಬಂಪರು ಮಾತ್ರ ನಿಮ್ಮದೇ ಅಮ್ಮ, ಎಂದೂ.

ತಮ್ಮನ ಮುಖದಲ್ಲಿ ಬೆಳಕು ಬಂತು. ಅವನು ಅಕ್ಕನನ್ನು ಪಕ್ಕಕ್ಕೆ ಎಳೆದ. "ಅಕ್ಕ, ಹೆಂಗೂ ಮಾಡಿಸಿಕೊಡ್ತಾರಲ್ಲ. ಆ ಕಡೆ ಬಾಗಿಲಲ್ಲೂ ಒಂದು ಹಳೇ ತಗ್ಗು ಇದೆ. ಅದನ್ನೂ ನೀನೇ ಗುದ್ದಿದ್ದು ಅಂದ್ಬಿಡು."

"ನಾನು ಎರಡೂ ಕಡೆಯಿಂದ ಒಟ್ಟಿಗೆ ಹೆಂಗೋ ಗುದ್ದಲಿ? ಕಾರು ಮಡಚಿ ಗುದ್ದಿದ್ನಾ?" ಪರದೆಯಮ್ಮ ಬಗ್ಗಿ ಹಿಂದಿನ ಬಾಗಿಲು ತೆರೆದಳು. "ಇದು ಗಾಜಿನ ವ್ಯವಹಾರ ತಮ್ಮ, ಹೆಚ್ಚು ಹಾಕಿದ್ರೆ ಕೂರಲ್ಲ. ಬಾ, ಹೆಗಲು ಕೊಡು."

"ಯಾತಕ್ಕೆ?"

"ಒಬ್ಬಳೇ ಬಂದಿಲ್ವಾ ನಾನು?"

"ಗುದ್ದಿದ್ಯಲ್ಲ!"

"ಬಂದ ಮೇಲೆ ಗುದ್ದಿದ್ದು. ಬರೋ ಮುಂಚೆ ಅಲ್ಲ."

ಮ್ಯಾನೇಜರ್ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟಿದ. ದೀಪದವರು, ಬಣ್ಣದವರು, ಗೆಜ್ಜೆ ಕಟ್ಟಿಕೊಳ್ಳುತ್ತಿದ್ದ ನಟಿಯರು ಎಲ್ಲ ಇಣುಕಿದರು. ತಮ್ಮ ಒಂದು ಗಂಟು ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತಾ ರಂಗದ ತನಕ ಹೋದ, ಮತ್ತೆ ಬಂದು ಇನ್ನೊಂದನ್ನು ಹೊತ್ತ. "ಇದರಲ್ಲಿ ಪರದೆ ಜೊತೆ ಮೇಷ್ಟ್ರನ್ನೂ ಕಟ್ಟಿದ್ಯಾ ಹೆಂಗೆ?" ಎಂದು ಗೊಣಗಿದ. ಕೊಕ್ಕೆಗಳು ಸರಳಿನ ಬಳೆಗಳಿಗೆ ಬಿದ್ದವು, ನೆರಿಗೆಗಳು ಇಳಿದವು. ಮೂರು ಬೆರಳಿನಷ್ಟು ಹೆಚ್ಚಿಗೆ ಬಿಟ್ಟು ಮಡಿಸಿದ ಅಂಚು ನೆಲಕ್ಕೆ ಸರಿಯಾಗಿ ಮುತ್ತಿಟ್ಟ ಹಾಗೆ ನಿಂತಿತು. ಸಂಜೆ ದೀಪಗಳು ಆರಿ, ಮಖಮಲ್ಲು ಎರಡು ಪಾಲಾಗಿ ಸದ್ದಿಲ್ಲದೆ ಸರಿಯಿತು.

"ಹೋ" ಎಂದಿತು ಸಭೆ. ಆಟ ಇನ್ನೂ ಶುರುವಾಗಿರಲಿಲ್ಲ. ಅದು ಪರದೆಗೆ ಸಂದದ್ದು. ಮ್ಯಾನೇಜರ್ ಕತ್ತಲೆಯಲ್ಲೇ ಬಗ್ಗಿ ಅವಳ ಕಿವಿಯಲ್ಲಿ, ಅಕ್ಕಪಕ್ಕದ ಬಾಗಿಲು ಕಿಟಕಿಗಳಿಗೂ ಅಳತೆ ತಗೊಳ್ಳಲು ಸೋಮವಾರ ಬರುತ್ತೀರಾ ಎಂದು ಕೇಳಿದ.

ವ್ಯಾನು ರಿಪೇರಿಗೆ ಹೋಯಿತು. ತಮ್ಮನಿಗೆ ಸೋಮವಾರದಿಂದ ಗತಿ ಹಸಿರು ಆಮೆಯೇ. ಪರದೆಯಮ್ಮ ಅವನ ಬೀದಿಯ ತಿರುವಿನಿಂದಲೇ ಹಾರನ್ ಒತ್ತಿಕೊಂಡು ಹೋದಳು. ಅವನು ಸ್ಪಂಜಿನ ಹಾಳೆ ಹೊತ್ತು, ಒಂದು ಚಪ್ಪಲಿ ಕಾಲಿಗೆ ಒಂದು ಕೈಗೆ, ಓಡಿ ಬಂದ.

"ಏನೋ, ಮದುಮಗನ ಹಾಗೆ ತಯಾರಾಗ್ತಿದ್ಯಾ?"

"ಆಯ್ತು, ಆಯ್ತಕ್ಕ. ನಿನ್ನ ಕಾಲ ಬಂದಿದೆ, ಅನ್ನು." ಅವನು ಮುಂದಿನ ಬಾಗಿಲಿಗೆ ಕೈ ಹಾಕಿದ. ಅಲ್ಲಿ ಬಟ್ಟೆಯ ಸುರುಳಿಗಳಿದ್ದವು. ಹಿಂದೆ ನೋಡಿದರೆ, ಮಗುವಿನ ಕುರ್ಚಿಯಲ್ಲಿ ಪುಟ್ಟಿ ಬಿಸ್ಕತ್ತು ಚೀಪುತ್ತಾ ಕೂತಿದ್ದಳು. ಅವಳ ಪಕ್ಕದಲ್ಲಿ ಮಗಳು, ತೊಡೆಯ ಮೇಲೆ ವಿಮೆಯ ಕಾಗದದ ಇನ್ನೊಂದು ಪ್ರತಿ.

ತಮ್ಮ ಅಕ್ಕನ ಮಗಳ ಕಡೆ ತಿರುಗಿದ. "ನೀನು ಮಗೂನ ಈ ಕಾರಲ್ಲಿ ಕೂರಿಸ್ದ್ಯಾ? ನೀನೇ?"

"ಬೆಲ್ಟು ನಾನೇ ನೋಡಿದ್ದೀನಿ ಮಾವ, ಒಂದು ಬೆರಳೂ ಬಿಟ್ಟಿಲ್ಲ" ಎಂದಳು ಮಗಳು. ಸ್ವಲ್ಪ ಒತ್ತಿ ಕೂತು ಅವನಿಗೆ ಜಾಗ ಬಿಟ್ಟಳು. "ಬನ್ನಿ, ಕೂತ್ಕೊಳ್ಳಿ. ಅಮ್ಮ ಈಗ ಕನ್ನಡಿ ನೋಡಿ ಓಡಿಸ್ತಾಳೆ. ಅಕಸ್ಮಾತ್ ಚೆನ್ನಾಗೇ ಹೋಗಿ ತಲುಪಿಬಿಡಬಹುದು."

ಮುಂದಿನ ಸೀಟಿನಲ್ಲಿ ಪರದೆಯಮ್ಮ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗಲು ಶುರುಮಾಡಿದಳು. ಮಗಳೂ ನಗುತ್ತಿದ್ದಳು, ಏಕೆಂದು ತಿಳಿಯದೆ ಪುಟ್ಟಿಯೂ ನಗುತ್ತಿದ್ದಳು, ಮತ್ತು ಕಾರು ಬಹಳ ಹೊತ್ತು ಅಲ್ಲಿಂದ ಹೊರಡಲೇ ಇಲ್ಲ.